ಜಾತ್ರೆ, ಉತ್ಸವ, ಎಕ್ಸಿಬಿಷನ್: ಚಟ್ನಿಪುಡಿ ಮಾರಲು ಯಾವುದು ವಾಸಿ?

ಕೊಪ್ಪಳದಲ್ಲಿ ನಮ್ಮದು ಸಣ್ಣ ಅಂಗಡಿ. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಹಬ್ಬ ಬಂದರೆ ಹೋಳಿಗೆ. ಇದೇ ಸರಕನ್ನು ಮೂರು ಕಡೆ ಮಳಿಗೆ ಹಾಕಿ ಮಾರಿದ್ದೇನೆ: ಗವಿಮಠದ ಜಾತ್ರೆ, ಆನೆಗೊಂದಿ ಉತ್ಸವ, ಬೇಸಿಗೆ ರಜೆಗೆ ಬಳ್ಳಾರಿ ಮೈದಾನಕ್ಕೆ ಬರುವ ಎಕ್ಸಿಬಿಷನ್. ಕೇಳುವವರೆಲ್ಲ ಮೊದಲು ಕೇಳುವುದು ‘ಎಲ್ಲಿ ಮಂದಿ ಜಾಸ್ತಿ?’ ಅಂತ. ಮಂದಿ ಜಾತ್ರೆಗೇ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಂದಿ ಏನು ಉಂಡು, ಏನು ನೋಡಿ ನಿಮ್ಮ ಮಳಿಗೆ ಮುಂದೆ ಬಂದು ನಿಲ್ಲುತ್ತಾರೆ ಎಂಬುದನ್ನು ಯಾರೂ ಕೇಳುವುದಿಲ್ಲ. ವ್ಯಾಪಾರ ನಿಂತಿರುವುದು ಅದರ ಮೇಲೆ.

ಪುಷ್ಯ ಮಾಸದ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬಿ ರೊಟ್ಟಿ ಬರುತ್ತದೆ. ಮಹಾದಾಸೋಹದಲ್ಲಿ ರೊಟ್ಟಿ, ಪಲ್ಯ, ಮಾದಲಿ ಹೊಟ್ಟೆ ತುಂಬ ಉಂಡವರಿಗೆ ಮತ್ತೆ ರೊಟ್ಟಿ ಮಾರುವುದುಂಟೇ? ಅಲ್ಲಿ ಓಡುವುದು ಚಟ್ನಿಪುಡಿ. ಊರಿಗೆ ಹೊರಟವರು ಬೆಂಡು ಬತ್ತಾಸಿನ ಜೊತೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ, ಅದೂ ಸಣ್ಣ ಪೊಟ್ಟಣ ಇದ್ದರೆ ಮಾತ್ರ. ರುಚಿ ನೋಡಿ ಎಂದು ಕರೆದರೆ ನಿಲ್ಲುವುದಿಲ್ಲ, ಹಿಂದಿನ ನೂಕು ನಿಲ್ಲಲು ಬಿಡುವುದೂ ಇಲ್ಲ. ಹಾಗಾಗಿ ಇಲ್ಲಿ ಹೊಸ ಗಿರಾಕಿ ಹುಟ್ಟುವುದು ಕಮ್ಮಿ. ಆದರೆ ವ್ಯಾಪಾರಿ ಕಲಿಯಬೇಕಾದ ಒಂದು ಸಂಗತಿ ಜಾತ್ರೆಯಲ್ಲಿದೆ. ಮಠದವರು ಪ್ರತಿ ವರ್ಷ ಒಂದೇ ವಿಷಯ ಹಿಡಿದು ಜಾಗೃತಿ ಜಾಥಾ ಮಾಡುತ್ತಾರೆ. ತೇರು ಎಳೆಯುವ ಮೊದಲೇ ಊರಿಗೆಲ್ಲ ಅದೇ ಮಾತು. ನಾವೋ, ಒಂದು ಫ್ಲೆಕ್ಸ್‌ನಲ್ಲಿ ಹದಿನಾರು ಸಾಮಾನಿನ ಹೆಸರು ತುರುಕುತ್ತೇವೆ.

ಉತ್ಸವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಂದಿ ಬರುವುದು ರಾತ್ರಿ ಹಾಡುಗಾರರನ್ನು ನೋಡಲು. ಕಾರ್ಯಕ್ರಮ ಮುಗಿದದ್ದೇ ತಡ, ಗಂಗಾವತಿ ಕಡೆ ಹೋಗುವ ಗಾಡಿಗೆ ಓಟ. ಆನೆಗೊಂದಿಯಲ್ಲಿ ಬಾಳೆನಾರಿನ ಚೀಲ ಚೆನ್ನಾಗಿ ಹೋಗುತ್ತದೆ, ಕಿನ್ನಾಳದ ಬಣ್ಣದ ಗೊಂಬೆಯೂ ಹೋಗುತ್ತದೆ. ಅವು ಆ ನೆಲದ್ದೇ, ಬಂದವರು ನೆನಪಿಗೆಂದು ಒಯ್ಯುತ್ತಾರೆ. ನನ್ನ ಚಟ್ನಿಗೆ ಆ ನಂಟಿಲ್ಲ. ಮೇಲಾಗಿ ಪ್ರತಿ ವರ್ಷ ಇಂಥದ್ದೇ ದಿನ ಎಂಬ ಖಾತ್ರಿಯೂ ಇಲ್ಲದ್ದನ್ನು ನಂಬಿ ಸರಕು ಕಟ್ಟುವುದು ಹೇಗೆ?

ಎಕ್ಸಿಬಿಷನ್‌ನದು ಬೇರೆಯೇ ಜಾಣತನ. ಹೊರಗೆ ಅರಮನೆಯೋ ಹಡಗೋ ಎನ್ನುವಂಥ ಗೇಟು. ಅದರ ಮುಂದೆ ಫೋಟೊ ಪುಕ್ಕಟೆ. ಟಿಕೆಟ್ ಹರಿಸಿ ಒಳಗೆ ಹೋದರೆ ಮೀನಿನ ಸುರಂಗ: ತಂಪು, ನೀಲಿ ಬೆಳಕು, ಮಕ್ಕಳ ಕೇಕೆ. ದಾರಿ ಒಂದೇ, ಹಿಂದಕ್ಕೆ ಬರುವಂತಿಲ್ಲ. ಸುರಂಗ ದಾಟಿದ ಕೂಡಲೇ ಮಳಿಗೆಗಳ ಸಾಲು, ಅದರಾಚೆ ಜಾಯಿಂಟ್ ವೀಲ್, ಕೊನೆಗೆ ತಿಂಡಿ. ಬಳ್ಳಾರಿ ಬಿಸಿಲಲ್ಲಿ ಹಣೆ ಗಂಟಿಕ್ಕಿಕೊಂಡು ಬಂದವರು ಮಳಿಗೆ ಮುಟ್ಟುವಾಗ ನಗುತ್ತಿರುತ್ತಾರೆ. ಜಾತ್ರೆಯಲ್ಲಿ ನಿಲ್ಲದ ಗಿರಾಕಿ ಇಲ್ಲಿ ನಿಂತು ಬೆರಳು ನೆಕ್ಕಿ ನೋಡುತ್ತಾನೆ. ಬಾಡಿಗೆ ಮೂರರಲ್ಲಿ ಇದೇ ದುಬಾರಿ, ಆದರೂ ಅಂಗಡಿ ಹುಡುಕಿಕೊಂಡು ಆಮೇಲೆ ಫೋನ್ ಮಾಡಿದವರಲ್ಲಿ ಹೆಚ್ಚಿನವರು ಇಲ್ಲಿಯವರೇ.

ಮುಖದಷ್ಟು ಅಗಲದ ದೆಹಲಿ ಹಪ್ಪಳ ನೋಡಿದ್ದೀರಲ್ಲ? ಅದಕ್ಕೆ ಬೋರ್ಡೇ ಬೇಡ. ಒಬ್ಬ ಕೈಯಲ್ಲಿ ಹಿಡಿದು ನಡೆದರೆ ಎದುರು ಬಂದವರೆಲ್ಲ ‘ಎಲ್ಲಿ ತಗೊಂಡ್ರಿ?’ ಎನ್ನುತ್ತಾರೆ. ಅದನ್ನು ಕಂಡು ನಾವು ಇಡೀ ರೊಟ್ಟಿಗೆ ಬೆಣ್ಣೆ, ಕೆಂಪು ಚಟ್ನಿ ಸವರಿ ಮುರಿಯದೆ ಕೈಗೆ ಕೊಡತೊಡಗಿದೆವು. ಪೊಟ್ಟಣದ ಮಾರಾಟ ಎದ್ದದ್ದು ಅಲ್ಲಿಂದ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದ ಮೇಲೆ ಕೆಂಪಗಿರುವ ಯಾವುದನ್ನು ಕಂಡರೂ ‘ಬಣ್ಣ ಹಾಕೀರೇನ್ರಿ?’ ಎಂಬ ಪ್ರಶ್ನೆ ಗಟ್ಟಿ. ಮಳಿಗೆ ಮುಂದೆ ಬ್ಯಾಡಗಿ ಮೆಣಸಿನಕಾಯಿ ರಾಶಿ ಹಾಕಿ, ಪಕ್ಕದಲ್ಲೇ ಒರಳಿಟ್ಟು ಕುಟ್ಟಿದರೆ ಉತ್ತರ ಹೇಳುವ ಕೆಲಸವಿಲ್ಲ. ಖಾರ ಕಮ್ಮಿ, ಬಣ್ಣ ಗಾಢ ಎಂಬುದು ಆ ಕಾಯಿಯ ಗುಣ. ಎದುರಿನ ಜೀನ್ಸ್ ಮಳಿಗೆಯವರು ಹೊಲಿಗೆ ಯಂತ್ರ ಮುಂದಿಟ್ಟುಕೊಂಡು, ಕೊಂಡ ಪ್ಯಾಂಟಿನ ಉದ್ದ ನಿಂತಲ್ಲೇ ಕತ್ತರಿಸಿ ಹೊಲಿದುಕೊಡುತ್ತಿದ್ದರು. ಜೀನ್ಸ್ ಬಳ್ಳಾರಿಗೆ ಹೊಸದೇ? ಆದರೂ ಆ ಯಂತ್ರ ನೋಡಲು ಮಂದಿ ಮುತ್ತುತ್ತಿತ್ತು.

ತಿನ್ನುವ ಸರಕಿದ್ದು, ಹೆಸರು ಯಾರಿಗೂ ಗೊತ್ತಿಲ್ಲವೆಂದರೆ ಎಕ್ಸಿಬಿಷನ್ ಹಿಡಿಯಿರಿ. ಹೆಸರು ಈಗಾಗಲೇ ಇದ್ದು, ಒಯ್ಯಲು ಹಗುರವಾದ ಸರಕಾದರೆ ಜಾತ್ರೆ. ಉತ್ಸವ ಕುಶಲಕರ್ಮಿಗಳಿಗಿರಲಿ.

ಮಳಿಗೆ ಹಾಕಲು ಆಗದವರು ಜಾತ್ರೆಯ ಒಂದೇ ಮಾತು, ಎಕ್ಸಿಬಿಷನ್‌ನ ಗೇಟು, ಈ ಎರಡರ ಜಾಣತನವನ್ನಾದರೂ ಅಂಗಡಿಗೆ ತರಬಹುದು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲುವವರಿಗೆಂದು ನಾವು ಉಳಿದದ್ದನ್ನೆಲ್ಲ ಒಳಗಿಟ್ಟು ‘ಚರಗದ ಬುತ್ತಿ’ ಒಂದನ್ನೇ ಮುಂದಿಡುತ್ತೇವೆ: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಹಬ್ಬ ಮುಗಿದ ಮರುದಿನ ಕೇಳಿದರೂ ಕೊಡುವುದಿಲ್ಲ. ಪಂಚಮಿಗೆ ಬಾಗಿಲಲ್ಲಿ ಜೋಕಾಲಿ ಕಟ್ಟಿ, ಒಳಗೆ ಉಂಡಿ ಮಾತ್ರ.

ಇನ್ನು ಎಕ್ಸಿಬಿಷನ್‌ನವರು ಮಳಿಗೆ ಬೇಕೇ ಎಂದು ಫೋನ್ ಮಾಡಿದರೆ ಬಾಡಿಗೆಗಿಂತ ಮೊದಲು ಮೈದಾನದ ನಕ್ಷೆ ಕೇಳಿ. ಸುರಂಗದ ಬಾಯಿ ಎಲ್ಲಿ ತೆರೆಯುತ್ತದೆ, ಅಲ್ಲಿಂದ ಎಷ್ಟನೇ ಮಳಿಗೆ ನಿಮ್ಮದು, ಇಷ್ಟು ಗೊತ್ತಾದ ಮೇಲೆ ಚೌಕಾಸಿ. ಗೇಟಿನ ಹೊರಗಿನ ಜಾಗ ಅರ್ಧ ಬಾಡಿಗೆಗೆ ಕೊಡುತ್ತೇವೆಂದರೂ ಬೇಡ.