ಡಾನ್ಸ್ ಕ್ಲಾಸಿನ ಶನಿವಾರದ ಶೋ: ನೂರು ರೂಪಾಯಿಗೆ ಮೋಸ ಇಲ್ಲ

ಬೆಳಗಾವಿ ಟಿಳಕವಾಡಿಯ ಡಾನ್ಸ್ ಕ್ಲಾಸ್ ಒಂದರಾಗ ತಿಂಗಳಿಗೊಮ್ಮೆ ಶನಿವಾರ ಸಂಜಿ ದೇಶ-ವಿದೇಶದ ಕುಣಿತದ ವಿಡಿಯೋ ದೊಡ್ಡ ತೆರಿ ಮ್ಯಾಲೆ ತೋರಸ್ತಾರ. ಟಿಕೆಟ್ 100 ರೂಪಾಯಿ, ಚಹಾ ಅದರಾಗ ಬಂತು.

ಈ ಸಲ ಕಣ್ಣು ಪಿಳುಕಿಸಲಾರದಂಗ ನೋಡಿದ್ದು ಚೀನಾದ 'ಸಾವಿರ ಕೈಗಳ ಗ್ವಾನ್‌ಯಿನ್' ಕುಣಿತ; ಗ್ವಾನ್‌ಯಿನ್ ಅಂದ್ರ ಅಲ್ಲಿನ ಬೌದ್ಧರ ಕರುಣೆಯ ದೇವತಿ. 2005ರಾಗ ಅಲ್ಲಿನ ಹೊಸ ವರ್ಷದ ಟಿವಿ ಕಾರ್ಯಕ್ರಮದಾಗ ಆಡಿದ್ದು. 21 ಮಂದಿ ಒಬ್ಬರ ಹಿಂದ ಒಬ್ಬರು ನಿಂತಿರತಾರ, ಕಾಣೂದು ಮುಂದಿನಾಕಿ ಒಬ್ಬಾಕಿನ. ಕೈ ಮಾತ್ರ ನವಿಲ ಗರಿ ಬಿಚ್ಚಿದಂಗ ಸುತ್ತಲೂ ಅರಳತಾವ. ಆ ಕುಣಿಯವರಿಗೆ ಕಿವಿ ಕೇಳೂದಿಲ್ರಿ! ವೇದಿಕೆ ಮೂಲ್ಯಾಗ ನಿಂತವರು ಕೈಸನ್ನಿ ಮಾಡಿ ತಾಳ ತಿಳಸ್ತಾರ. ಬಾಜೂಕ ಕುಂತ ನಮ್ಮ ವೈನಿ, "ಕಂಪ್ಯೂಟರಿನಾಗ ಮಾಡ್ಯಾರೇನ ಇದನ್ನ?" ಅಂದ್ರು. ಸಂಶಯ ಬರೂದ ಸಹಜ.

ಅಮೆರಿಕದ ನೃತ್ಯ ಸಂಯೋಜಕಿ ತ್ರಿಷಾ ಬ್ರೌನ್ 1970ರಾಗ ನ್ಯೂಯಾರ್ಕಿನಾಗ ಒಬ್ಬಾತಗ ಹಗ್ಗ ಕಟ್ಟಿ ಕಟ್ಟಡದ ಗೋಡಿ ಮ್ಯಾಲೆ ಕೆಳಮುಖ ನಡಸಿದ್ದರ ಬಗ್ಗೆನೂ ಕ್ಲಾಸಿನ ಮೇಡಂ ಹೇಳಿದ್ರು. ಧೈರ್ಯ ಖರೆ, ಕುಣಿತ ಅನ್ನಾಕ ನನ್ನ ಮನಸ್ಸು ಒಪ್ಪಲಿಲ್ಲ.

ಸಿಟ್ಟು ಬಂದಿದ್ದು ದಕ್ಷಿಣ ಆಫ್ರಿಕಾದ ಗಮ್‌ಬೂಟ್ ಕುಣಿತದಾಗ. ಗಣಿ ಕಾರ್ಮಿಕರು ಹುಟ್ಟಿಸಿದ್ದು; ರಬ್ಬರ್ ಬೂಟಿಗೆ ಅಂಗೈ ಬಡಿಯೂ ಸಪ್ಪಳನ ಅದರ ಜೀವ. ಇಲ್ಲಿ ಸ್ಪೀಕರ್ ಕರ್‌ಕರ್ ಅಂತ ಎಲ್ಲಾ ನುಂಗಿಬಿಡ್ತು. ನಮ್ಮ ಕಡೆ ಜನಪದ ವಾದ್ಯಮೇಳ ಕರಡಿ ಮಜಲು ಕೇಳಿ ಬೆಳದ ಕಿವಿ ನಮ್ಮವು, ಹೆಂಗ ಸಹಿಸಬೇಕ್ರಿ?

ಮೇಡಂ ತಿಳಿಸಿ ಹೇಳೂ ರೀತಿ ಭಾಳ ಛಲೋ. ಖುರ್ಚಿ ಪ್ಲಾಸ್ಟಿಕ್ಕಿನವು, ಬೆನ್ನು ನೋಯವರು ದಿಂಬು ಒಯ್ರಿ. ಗಾಡಿ ನಿಲ್ಲಸಾಕ ಜಾಗ ಇಲ್ಲ, ಆಟೋದಾಗ ಹೋಗೂದ ಬೇಶಿ.