ಚಿಕ್ಕಪೇಟೆಯ ತುಂಡುಬಟ್ಟೆ ಅಂಗಡಿ: ಕೌದಿಗೂ ಸೈ, ಹಿತ್ತಿಲಿಗೂ ಸೈ

ಯುಗಾದಿಗೆ ಮೊದಲು ಕೌದಿ ಹೊಲಿದು ಮುಗಿಸಬೇಕೆನ್ನುವವರಿಗೆ, ದರ್ಜಿಗಳಲ್ಲಿ ಉಳಿದ ತುಂಡುಬಟ್ಟೆಗಳನ್ನು ತೂಕದ ಲೆಕ್ಕದಲ್ಲಿ ಮಾರುವ ಚಿಕ್ಕಪೇಟೆಯ ಈ ಗಲ್ಲಿಯಂಗಡಿ ನಿಜಕ್ಕೂ ಉಪಯುಕ್ತವಾಗಿದೆ. ಹತ್ತಿಯ ತುಂಡುಗಳು ಮೃದುವಾಗಿದ್ದು, ಹಳೆಯ ಸೀರೆಯ ಪದರಗಳ ಮೇಲಿಟ್ಟು ಅಂಚಿನಿಂದ ನಡುವಿನತ್ತ ಸಾಲುಹೊಲಿಗೆ ಹಾಕುವಾಗ ಸೂಜಿ ಸರಾಗವಾಗಿ ಇಳಿಯುತ್ತದೆ; ಆದರೆ ಅದೇ ಮೂಟೆಯಲ್ಲಿ ಪಾಲಿಯೆಸ್ಟರ್ ಕೂಡ ಬೆರೆತಿರುವುದರಿಂದ, ಅಂಗಡಿಯವರು ಮುಖ ಸಿಂಡರಿಸಿದರೂ ಸರಿಯೇ, ಕೈಯಾರೆ ಆರಿಸಿಕೊಳ್ಳುವುದು ಒಳಿತು. ಕಡುಗೆಂಪು ತುಂಡುಗಳು ಬಣ್ಣ ಬಿಡುತ್ತವೆ. ಅವುಗಳನ್ನು ಬೇರೆಯಾಗಿ ಒಗೆದೇ ಹೊಲಿಯಬೇಕು. ಕೌದಿಗೆ ಒದಗದ ಸಣ್ಣ ಪಟ್ಟಿಗಳಿಂದ ಹಿತ್ತಿಲಿನ ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟಿದ್ದೇನೆ; ಪ್ಲಾಸ್ಟಿಕ್ ದಾರ ಎಳೆಯ ಕಾಂಡವನ್ನು ಕೊಯ್ಯುವ ಹಾಗೆ ಇವು ಕೊಯ್ಯುವುದಿಲ್ಲ. ಬೆಲೆಯ ಬಗ್ಗೆ ದೂರಿಲ್ಲ. ಗಾಡಿ ನಿಲ್ಲಿಸಲು ಜಾಗವಿಲ್ಲದ ಕಾರಣ ಮೆಟ್ರೊದಲ್ಲಿ ಹೋಗುವುದೇ ವಾಸಿ.