ಜಡೆಗೂ ಜಾಗ ಬಿಟ್ಟ ಹೆಡ್‌ಗಾರ್ಡ್: ಎರಡು ವರ್ಷ ಬಳಸಿದ ಮೇಲೆ

ಕೊಂಡ ವಾರದಲ್ಲೇ ಐದು ನಕ್ಷತ್ರ ಕೊಟ್ಟು ವಿಮರ್ಶೆ ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬಾಕ್ಸಿಂಗ್‌ನಲ್ಲಿ ತಲೆಗೆ ಹಾಕಿಕೊಳ್ಳುವ ಮೆತ್ತೆಯ ಕವಚ, ಅಂದರೆ ಹೆಡ್‌ಗಾರ್ಡ್‌ನ ನಿಜವಾದ ಗುಣ ಗೊತ್ತಾಗುವುದು ಅದು ನೂರು ಸಲ ಬೆವರಿನಲ್ಲಿ ನೆನೆದು ನೂರು ಸಲ ಒಣಗಿದ ಮೇಲೆ. ಇದನ್ನು ತಲೆಗೆ ಹಾಕಿಕೊಳ್ಳಲು ಶುರುಮಾಡಿ ಎರಡು ವರ್ಷ ಎರಡು ತಿಂಗಳಾಗಿದೆ, ವಾರಕ್ಕೆ ಮೂರು ದಿನ ಸ್ಪಾರಿಂಗ್, ಅಂದರೆ ಜೊತೆಗಾರ್ತಿಯೊಡನೆ ಅಭ್ಯಾಸದ ಕಾದಾಟ. ಈಗ ಬರೆಯಬಹುದು.

ಮೊದಲು ನನ್ನ ತಲೆಯ ವಿಷಯ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ನನ್ನ ಅಭಿಪ್ರಾಯದಿಂದ ಯಾರಿಗೂ ಉಪಯೋಗವಿಲ್ಲ. ಸುತ್ತಳತೆ 55 ಸೆಂಟಿಮೀಟರ್, ಕೂದಲು ದಟ್ಟ, ಬೆನ್ನಿನ ನಡುವಿನವರೆಗೆ ಜಡೆ. ಕತ್ತರಿಸಿಕೋ ಎಂದು ಸಲಹೆ ಕೊಟ್ಟವರೆಲ್ಲ ಗಂಡಸರು. ಒಂಬತ್ತು ವರ್ಷ ಅಂತಾರಾಷ್ಟ್ರೀಯ ಕೂಟಗಳಿಗೆ ಹೋಗಿ ಬಂದಿದ್ದೇನೆ. ಹವ್ಯಾಸಿ ಬಾಕ್ಸರ್ ಎಂದಾಕ್ಷಣ ಬಿಡುವಿನ ವೇಳೆಯಲ್ಲಿ ಆಡುವವಳು ಎಂದು ಭಾವಿಸಬೇಡಿ. ಬೆಳಿಗ್ಗೆ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತು ಉಸಿರು ಬಿಗಿಹಿಡಿದವರಿಗೆ ಬಿಡುವು ಎಂಬ ಪದವೇ ಮರೆತುಹೋಗಿರುತ್ತದೆ.

ನನ್ನ ಸಹಜ ತೂಕ 57 ಕಿಲೋ. ತೂಕಕ್ಕೂ ಹೆಡ್‌ಗಾರ್ಡ್‌ಗೂ ಏನು ಸಂಬಂಧ ಎನ್ನಬಹುದು. ಬಹಳ ಇದೆ. ಮಹಿಳಾ ಬಾಕ್ಸಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದದ್ದು 2012ರಲ್ಲಿ, ಲಂಡನ್‌ನಲ್ಲಿ. 51, 60, 75 ಕಿಲೋ, ಇಷ್ಟೇ ಮೂರು ತೂಕದ ವರ್ಗ. ಆ ಹೊತ್ತಿಗೆ ಐದು ಸಲ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್ ಕೂಡ 48ರಿಂದ 51ಕ್ಕೆ ಏರಿ ಆಡಬೇಕಾಯಿತು. ಕಂಚು ಗೆದ್ದರು, ನಿಜ. ಆದರೆ ನಾವೆಲ್ಲ ಮೇರಿ ಕೋಮ್ ಅಲ್ಲವಲ್ಲ. 2016ರ ರಿಯೊದಲ್ಲೂ ಅದೇ ಮೂರು ತೂಕ. 57 ಸೇರಿದ್ದು ಟೋಕಿಯೊದಲ್ಲಿ, 2021ರಲ್ಲಿ ನಡೆದ ಕೂಟದಲ್ಲಿ. ಅಲ್ಲಿಯವರೆಗೆ ನನ್ನಂಥವರಿಗೆ ಎರಡೇ ದಾರಿ: ಒಣಗಿ 51ಕ್ಕೆ ಇಳಿಯುವುದು, ಇಲ್ಲವೇ ತಿಂದು 60ಕ್ಕೆ ಏರುವುದು. ನಾನು ತಿಂದೆ. ಎದುರಾಳಿಗಳು ನನಗಿಂತ ಒಂದು ಗೇಣು ಎತ್ತರ. ಅವರ ನೇರ ಬಲಗೈ ನೇರವಾಗಿ ಬರುತ್ತಿರಲಿಲ್ಲ, ಮೇಲಿನಿಂದ ಇಳಿಯುತ್ತಿತ್ತು. ಹಾಗೆ ಇಳಿದ ಗುದ್ದು ಹಣೆಯ ಮೆತ್ತೆಗೆ ತಗಲಿದರೆ ಹೆಡ್‌ಗಾರ್ಡ್ ಕೆಳಗೆ ಜಾರಿ ಹುಬ್ಬನ್ನು ಮುಚ್ಚುತ್ತದೆ. ಅಲ್ಲಿಂದ ಮುಂದೆ ನೀವು ಆಡುತ್ತಿರುವುದು ಅರ್ಧ ಕುರುಡಾಟ.

ಆಗಿನ್ನೂ ನಮಗೆ ಎರಡು ನಿಮಿಷದ ನಾಲ್ಕು ಸುತ್ತು. ಪುರುಷರಂತೆ ಮೂರು ನಿಮಿಷದ ಮೂರು ಸುತ್ತು ಬಂದದ್ದು 2017ರಿಂದ. ಒಂದು ಕ್ವಾರ್ಟರ್ ಫೈನಲ್‌ನಲ್ಲಿ ಸಂಘಟಕರು ಕೊಟ್ಟ ಹೆಡ್‌ಗಾರ್ಡ್ ನನ್ನ ಜಡೆಯ ಗಂಟಿನ ಮೇಲೆ ಕುಳಿತಿತ್ತೇ ಹೊರತು ತಲೆಯ ಮೇಲಲ್ಲ. ಎರಡನೇ ಸುತ್ತಿನಲ್ಲಿ ಜಾರಿತು. ರೆಫರಿ ಆಟ ನಿಲ್ಲಿಸಿ ನನ್ನನ್ನು ಮೂಲೆಗೆ ಕಳಿಸಿದರು, ಕೋಚ್ ಎಳೆದು ಕಟ್ಟಿದರು. ಮೂರನೇ ಸುತ್ತಿನಲ್ಲಿ ಮತ್ತೆ ಅದೇ ಕಥೆ. ನಾಲ್ಕನೆಯದರಲ್ಲಿ ಎದುರಾಳಿಯ ಎಡ ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಗುದ್ದು, ಎಲ್ಲಿಂದ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ವಿಡಿಯೊದಲ್ಲಿ ಮಾತ್ರ ನೋಡಿದ್ದೇನೆ. ತೀರ್ಪುಗಾರರಲ್ಲಿ ಒಮ್ಮತವಿರಲಿಲ್ಲ, ಗೆಲುವು ಅವಳದಾಯಿತು. ಸೋಲಿಗೆ ಹೆಡ್‌ಗಾರ್ಡ್ ಒಂದೇ ಕಾರಣ ಎಂದರೆ ನನ್ನ ಕೋಚ್ ನಗುತ್ತಾರೆ. ಗಲ್ಲ ಎತ್ತಿಕೊಂಡು ನಿಂತದ್ದೂ ಕಾರಣವೇ. ಆದರೆ ಆ ದಿನದಿಂದ ಹೆಡ್‌ಗಾರ್ಡ್ ಕೊಳ್ಳುವಾಗ ನಾನು ಮೊದಲು ನೋಡುವುದು ಅದರ ಹಿಂಭಾಗವನ್ನು.

ಇದರ ಹಿಂಭಾಗ ಚೆನ್ನಾಗಿದೆ. ಅಂಗೈ ಅಗಲದ ತೆರವು, ಅದರ ಮೇಲೆ ಒಂದನ್ನೊಂದು ದಾಟುವ ಎರಡು ಪಟ್ಟಿಗಳು. ಜಡೆಯನ್ನು ಅವುಗಳ ನಡುವಿನಿಂದ ಹೊರಗೆ ಬಿಟ್ಟು ಪಟ್ಟಿಗಳನ್ನು ಬುರುಡೆಯ ಕೆಳ ಅಂಚಿಗೆ ಬಿಗಿದರೆ ಅಲುಗಾಡುವುದಿಲ್ಲ. ನೆತ್ತಿಯ ಮೇಲೆ ದಾರ ಕಟ್ಟುವ ವ್ಯವಸ್ಥೆಯಿದೆ, ಅದನ್ನು ಒಂದು ಸಲ ಸರಿಮಾಡಿಕೊಂಡರೆ ಮತ್ತೆ ಮುಟ್ಟಬೇಕಿಲ್ಲ. ಹೊಸದರಲ್ಲಿ ನನ್ನ ಜೊತೆಗಾರ್ತಿಗೆ ಹೇಳಿ ಬೇಕೆಂದೇ ಮೇಲಿನಿಂದ ಹೊಡೆಸಿಕೊಂಡೆ. ಒಂದು ಬೆರಳಿನಷ್ಟು ಇಳಿಯಿತು, ಹುಬ್ಬಿಗೆ ಬರಲಿಲ್ಲ. ಈಗ ಒಳಗಿನ ಮೆತ್ತೆ ಸ್ವಲ್ಪ ಕುಗ್ಗಿದೆ, ಎರಡು ಬೆರಳು ಇಳಿಯುತ್ತದೆ. ಪಟ್ಟಿಯನ್ನು ಇನ್ನೊಂದು ಸುತ್ತು ಎಳೆದರೆ ಸರಿಹೋಗುತ್ತದೆ.

ನೋಟದ ವಿಷಯ. ಕೆನ್ನೆಗೆ ದಪ್ಪ ಮೆತ್ತೆ ಇರುವ ಮಾದರಿಗಳನ್ನು ಹೊಸಬರು ಇಷ್ಟಪಡುತ್ತಾರೆ, ಮೂಗು ಉಳಿಯುತ್ತದೆ ಎಂದು. ಉಳಿಯುತ್ತದೆ ಕೂಡ. ಆದರೆ ಕೆಳಗಿನಿಂದ ಬರುವ ಅಪ್ಪರ್‌ಕಟ್ ಕಾಣುವುದಿಲ್ಲ. ಕೊಳ್ಳುವ ಮುನ್ನ ಒಂದು ಕೆಲಸ ಮಾಡಿ: ಹಾಕಿಕೊಂಡು, ಗಲ್ಲ ಒಳಗೆಳೆದು, ತಲೆ ಆಡಿಸದೆ ಕಣ್ಣು ಮಾತ್ರ ಕೆಳಗಿಳಿಸಿ ನಿಮ್ಮ ಮುಂಗಾಲಿನ ಹೆಬ್ಬೆರಳು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಇದರಲ್ಲಿ ನನಗೆ ಹೆಬ್ಬೆರಳು ಪೂರ್ತಿ ಕಂಡಿತು, ಶೂ ದಾರ ಬಿಚ್ಚಿಹೋಗಿದ್ದೂ ಕಂಡಿತು. ಕೆನ್ನೆಯ ಮೆತ್ತೆ ತೆಳುವಾದ್ದರಿಂದ ಮೂಗಿಗೆ ತಿನ್ನುವುದು ತಪ್ಪುವುದಿಲ್ಲ, ಅದಕ್ಕೆ ಸಿದ್ಧರಿರಬೇಕು. ಕೂಟಗಳಲ್ಲಿ ಕೊಡುವ ಹೆಡ್‌ಗಾರ್ಡ್‌ಗಳಲ್ಲೂ ಮುಖ ತೆರೆದೇ ಇರುತ್ತದೆ. ಅಭ್ಯಾಸದಲ್ಲಿ ಮುಖ ಮುಚ್ಚಿಕೊಂಡು ಆಡಿದವರಿಗೆ ರಿಂಗ್‌ನಲ್ಲಿ ಮುಖ ಬಯಲಿಗೆ ಬಿದ್ದಂತಾಗುತ್ತದೆ.

ಇನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ ‘ಮಿದುಳಿಗೆ ಸಂಪೂರ್ಣ ರಕ್ಷಣೆ’. ಇದನ್ನು ಓದಿ ನನಗೆ ರೇಗಿತು. ಹೆಡ್‌ಗಾರ್ಡ್ ಹುಬ್ಬು ಸೀಳದಂತೆ, ಕಿವಿ ಬಾತುಕೊಳ್ಳದಂತೆ, ತಲೆಗೆ ತಲೆ ತಾಗಿದಾಗ ಬುರುಡೆ ನೋಯದಂತೆ ತಡೆಯುತ್ತದೆ. ಹುಕ್ ತಗಲಿ ತಲೆ ಗಿರ್ರನೆ ತಿರುಗಿದಾಗ ಒಳಗೆ ಮಿದುಳು ಅಲುಗಾಡುವುದನ್ನು ಯಾವ ಮೆತ್ತೆಯೂ ತಡೆದು ನಿಲ್ಲಿಸುವುದಿಲ್ಲ. 2013ರಲ್ಲಿ ಹಿರಿಯ ಪುರುಷರ ಹವ್ಯಾಸಿ ಬಾಕ್ಸಿಂಗ್‌ನಿಂದ ಹೆಡ್‌ಗಾರ್ಡ್ ತೆಗೆದದ್ದೂ ಈ ವಾದದ ಮೇಲೆಯೇ: ಅದಿದ್ದರೆ ಪೆಟ್ಟು ಕಡಿಮೆಯಾಗುವುದಿಲ್ಲ, ಧೈರ್ಯ ಹೆಚ್ಚಿ ತಲೆ ಮುಂದೆ ಬರುತ್ತದೆ ಎಂದು. ಮಹಿಳೆಯರಿಗೆ ಮಾತ್ರ ಉಳಿಸಿದರು. ರಿಯೊದಲ್ಲಿ ಪುರುಷರು ಬರಿದಲೆಯಲ್ಲಿ ಆಡಿದರು, ಮಹಿಳೆಯರು ಹೆಡ್‌ಗಾರ್ಡ್ ಹಾಕಿಕೊಂಡೇ ಆಡಿದರು. ನನಗೆ ಅದರ ಬಗ್ಗೆ ದೂರಿಲ್ಲ, ನನ್ನ ಹುಬ್ಬಿನ ಮೇಲೆ ಇರುವುದು ಒಂದೇ ಹೊಲಿಗೆಯ ಗುರುತು. ನಮಗೆ ಉಳಿಸಿಯೂ ನಮ್ಮ ತಲೆಯ ಅಳತೆ ತೆಗೆದುಕೊಳ್ಳದೆ ಹೊಲಿಯುತ್ತಾರಲ್ಲ, ದೂರಿರುವುದು ಅಲ್ಲಿ. 2011ರಲ್ಲಿ ನಮಗೆ ಸ್ಕರ್ಟ್ ತೊಡಿಸುವ ಬಗ್ಗೆ ಎಷ್ಟೊಂದು ಚರ್ಚೆ ನಡೆಯಿತು. ಜಡೆಯ ಬಗ್ಗೆ ಆ ಉತ್ಸಾಹ ಯಾರಿಗೂ ಇರಲಿಲ್ಲ.

ಕೊರತೆಗಳಿವೆ. ಕಿವಿಯ ಬಳಿಯ ರಂಧ್ರಗಳು ಸಾಸಿವೆ ಕಾಳಿನಷ್ಟು. ಮೂಲೆಯಿಂದ ಕೋಚ್ ಕೂಗುವುದು ಬಾವಿಯೊಳಗಿಂದ ಕೂಗಿದಂತೆ ಕೇಳುತ್ತದೆ. ‘ಹಿಂದೆ ಸರಿ’ ಎಂದದ್ದು ‘ಇನ್ನೂ ಸರಿ’ ಎಂದು ಕೇಳಿ ನಾನು ಮುನ್ನುಗ್ಗಿ ಒದೆ ತಿಂದದ್ದುಂಟು. ಒಳಪದರ ಬೆವರನ್ನು ಹೀರಿಕೊಂಡು ಬಿಡುವುದಿಲ್ಲ. ಚೀಲದಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಮರುದಿನ ನಿಮ್ಮ ಹತ್ತಿರ ಯಾರೂ ಸ್ಪಾರಿಂಗ್‌ಗೆ ಬರುವುದಿಲ್ಲ. ಒಳಗೆ ಹಳೆಯ ಪತ್ರಿಕೆ ತುರುಕಿ, ಫ್ಯಾನಿನ ಎದುರು ಇಡಬೇಕು. ಬಿಸಿಲಿಗೆ ಇಟ್ಟರೆ ಚರ್ಮ ಬಿರುಕು ಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಗಲ್ಲದ ಪಟ್ಟಿ. ಹನ್ನೊಂದನೆಯ ತಿಂಗಳಿಗೆ ವೆಲ್ಕ್ರೊ ಹಿಡಿತ ಬಿಟ್ಟಿತು, ಹೊಲಿಗೆಯೂ ಬಿಚ್ಚಿಕೊಂಡಿತು. ಹಿಂದೆ, ನೆತ್ತಿ, ಗಲ್ಲ, ಮೂರೂ ಕಡೆ ಬಿಗಿಯಾಗಿದ್ದರೆ ಮಾತ್ರ ಹೆಡ್‌ಗಾರ್ಡ್ ಹೆಡ್‌ಗಾರ್ಡ್, ಇಲ್ಲದಿದ್ದರೆ ಟೋಪಿ. ಕಂಪನಿಗೆ ಚಿತ್ರ ಸಮೇತ ಬರೆದೆ. ‘ಮಾನ್ಯರೇ, ನಿಮ್ಮ ಮಗನ ತಲೆಯ ಅಳತೆ ತಿಳಿಸಿ’ ಎಂದು ಉತ್ತರ ಬಂತು. ನನಗೆ ಮಗನಿಲ್ಲ, ತಲೆ ನನ್ನದೇ ಎಂದು ಬರೆದೆ. ಎರಡನೇ ಉತ್ತರದಲ್ಲಿ ಕ್ಷಮೆ ಕೇಳಿದರು, ಆದರೆ ‘ಸರ್’ ಎಂದೇ ಸಂಬೋಧಿಸಿದ್ದರು. ಮೂರು ವಾರಕ್ಕೆ ಹೊಸ ಪಟ್ಟಿ ಉಚಿತವಾಗಿ ಬಂತು, ಮೊದಲಿನದಕ್ಕಿಂತ ಅಗಲ, ಎರಡು ಸಾಲು ಹೊಲಿಗೆ, ಇವತ್ತಿಗೂ ಗಟ್ಟಿಯಾಗಿದೆ. ಹಾಗಾಗಿ ಒಂದು ನಕ್ಷತ್ರ ಮಾತ್ರ ಕಡಿತ. ಈಗ ಮಾರುತ್ತಿರುವ ಸರಕಿನಲ್ಲಿ ಈ ಅಗಲ ಪಟ್ಟಿಯೇ ಇದೆಯೇ ಎಂದು ಕೇಳಿಕೊಂಡು ತೆಗೆದುಕೊಳ್ಳಿ. ಸ್ಪಾರಿಂಗ್‌ಗೆ, ಅದರಲ್ಲೂ ಉದ್ದ ಕೂದಲಿನವರಿಗೆ, ನಾನು ಬಳಸಿದ ಮೂರರಲ್ಲಿ ಇದೇ ಮೇಲು.

ಒಂದು ವಿಷಯ ಬಿಟ್ಟೆ. ನನ್ನದು ನೀಲಿ ಹೆಡ್‌ಗಾರ್ಡ್, ಅವರು ಕಳಿಸಿದ್ದು ಕೆಂಪು ಪಟ್ಟಿ. ಹಾಗೆಯೇ ಹಾಕಿಕೊಳ್ಳುತ್ತಿದ್ದೇನೆ. ರಿಂಗ್‌ನ ಕೆಂಪು ಮೂಲೆಯವಳೋ, ನೀಲಿ ಮೂಲೆಯವಳೋ ನೀನು ಎಂದು ಹೊಸ ಹುಡುಗಿಯರು ಕೇಳುತ್ತಾರೆ.